ಬೆನ್ನಿಗೆ ಸೂಜಿಯೋ, ಪೂರ್ತಿ ಮಂಪರೋ: ವಯಸ್ಸಾದವರ ನೆನಪಿಗೆ ಯಾವುದರಿಂದ ಕಡಿಮೆ ತೊಂದರೆ?

ಘಟಪ್ರಭಾ ದಂಡೆ ಕೇಳಿದ್ದು:

ಜಮಖಂಡಿ ಕಡೆಯ ಒಂದು ಸಣ್ಣ ಆಸ್ಪತ್ರೆಯ ಅರಿವಳಿಕೆ ವಿಭಾಗದಿಂದ ಕೇಳುತ್ತಿದ್ದೇನೆ. 76 ವರ್ಷದ ಆಯಿ, ತೂಕ 48 ಕೆ.ಜಿ. ಅಂಗಳದಲ್ಲಿ ಜಾರಿಬಿದ್ದು ತೊಡೆ ಎಲುಬಿನ ಕುತ್ತಿಗೆ ಮುರಿದಿದೆ, ಹೆಮಿಆರ್ಥ್ರೋಪ್ಲಾಸ್ಟಿ (ಮುರಿದ ಎಲುಬಿನ ತಲೆ ತೆಗೆದು ಕೃತಕ ತಲೆ ಕೂರಿಸುವುದು) ಆಗಬೇಕು. ಬಿಪಿಗೆ ಆಮ್ಲೊಡಿಪಿನ್ 5 ಮಿ.ಗ್ರಾಂ., ಜೊತೆಗೆ ಆಸ್ಪಿರಿನ್ 75. ಹಿಮೋಗ್ಲೋಬಿನ್ 9.8, ಸೋಡಿಯಂ 131, ಕ್ರಿಯಾಟಿನಿನ್ 1.1. ಒಂದು ವರ್ಷದಿಂದ ಮರೆವು ಹೆಚ್ಚಿದೆಯಂತೆ. ಹಾಲಿನವನಿಗೆ ಎರಡೆರಡು ಸಲ ದುಡ್ಡು ಕೊಡುತ್ತಾರೆ, ಮೊಮ್ಮಕ್ಕಳ ಹೆಸರು ಅದಲುಬದಲು ಮಾಡುತ್ತಾರೆ. ಅಡುಗೆ, ಪೂಜೆ ಮಾತ್ರ ಇನ್ನೂ ತಾವೇ ಮಾಡಿಕೊಳ್ಳುತ್ತಾರೆ.

ಮನೆಯವರದು ಒಂದೇ ಮಾತು: "ಬೆನ್ನಿಗೆ ಸೂಜಿ ಹಾಕ್ರಿ, ಪೂರ್ತಿ ಮಂಪರು ಬ್ಯಾಡ, ತಲಿ ಕೆಡ್ತೈತಿ." ಸರ್ಜನ್ ಕೂಡ ಅದನ್ನೇ ಹೇಳುತ್ತಾರೆ. ನನಗೆ ಮೂರು ವಿಷಯ ತಿಳಿಯಬೇಕು. ಬೆನ್ನಿನ ಸೂಜಿಯಿಂದ, ಅಂದರೆ ಸ್ಪೈನಲ್‌ನಿಂದ, ಡೆಲಿರಿಯಮ್ (ಒಮ್ಮೆಲೇ ಬರುವ ಬುದ್ಧಿಯ ಗೊಂದಲ) ನಿಜಕ್ಕೂ ಕಡಿಮೆಯಾಗುತ್ತದೆಯೇ? ಸ್ಪೈನಲ್ ಆಗದೆ ಜಿಎ (ಪೂರ್ತಿ ಮಂಪರು) ಕೊಡಬೇಕಾದರೆ ಉಸಿರಿನಲ್ಲಿ ಕೊಡುವ ಗ್ಯಾಸ್ ಒಳ್ಳೆಯದೋ, ರಕ್ತನಾಳಕ್ಕೆ ಹರಿಸುವ ಪ್ರೊಪೊಫಾಲ್ ಇನ್‌ಫ್ಯೂಷನ್ನೋ? ನಮ್ಮಲ್ಲಿ ಐಸೊಫ್ಲುರೇನ್, ಸೀವೊಫ್ಲುರೇನ್ ವೇಪರೈಸರ್ ಇವೆ, ಗ್ಯಾಸ್ ಮಾನಿಟರ್ ಇದೆ, ಸಿರಿಂಜ್ ಪಂಪ್ ಎರಡಿವೆ. ಬಿಐಎಸ್ (ಮೆದುಳಿನ ಅಲೆ ನೋಡಿ ಮಂಪರಿನ ಆಳ ಅಳೆಯುವ ಯಂತ್ರ) ಇಲ್ಲ, ಟಿಸಿಐ (ರಕ್ತದಲ್ಲಿ ಔಷಧ ಎಷ್ಟಿರಬೇಕೆಂದು ಲೆಕ್ಕ ಹಾಕಿ ಕೊಡುವ ಪಂಪ್) ಇಲ್ಲ. ಮೂರನೆಯದು, ವಾರ್ಡಿಗೆ ಹೋದ ಮೇಲೆ ಏನು ನೋಡಬೇಕು?

ಮಾರ್ಕಂಡೇಯ ತೀರ, ಬೆಳಗಾವಿ:

ನಮಸ್ಕಾರ ಡಾಕ್ಟರೇ. ಡೆಲಿರಿಯಮ್ ತಪ್ಪಿಸಬೇಕು ಎಂಬ ಒಂದೇ ಕಾರಣಕ್ಕೆ ಸ್ಪೈನಲ್ ಆರಿಸಲು ಆಧಾರವಿಲ್ಲ. ಬೇರೆ ಕಾರಣಗಳಿಗೆ ಧಾರಾಳವಾಗಿ ಆರಿಸಿ.

ಮನೆಯವರ ಭಯ ಇವತ್ತಿನದಲ್ಲ. ಅರಿವಳಿಕೆ ಕೊಟ್ಟ ಮೇಲೆ ಮುದುಕರ ಬುದ್ಧಿ ಮಂಕಾಗುತ್ತದೆ ಎಂದು ಬೆಡ್‌ಫೋರ್ಡ್ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದದ್ದು 1955ರಲ್ಲಿ. ಅದನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ್ದು ಬಹಳ ತಡವಾಗಿ. 2021ರ ರೀಗೇನ್ ಪ್ರಯೋಗದಲ್ಲಿ ಅಮೆರಿಕ, ಕೆನಡಾಗಳ 1,600 ಸೊಂಟ ಮುರಿತದ ರೋಗಿಗಳಿದ್ದರು. ಡೆಲಿರಿಯಮ್ ಸ್ಪೈನಲ್ ಗುಂಪಿನಲ್ಲಿ 20.5%, ಜಿಎ ಗುಂಪಿನಲ್ಲಿ 19.7%. ಆ ಸ್ಪೈನಲ್ ಗುಂಪಿನ ಹೆಚ್ಚಿನವರಿಗೆ ಸೆಡೇಶನ್ (ಮಂಪರಿನ ಮದ್ದು) ಕೊಟ್ಟಿದ್ದರು, ಅದಕ್ಕೇ ವ್ಯತ್ಯಾಸ ಕಾಣಲಿಲ್ಲ ಎಂದು ಹಲವರು ಆಕ್ಷೇಪ ಎತ್ತಿದರು. ನ್ಯಾಯವಾದ ಆಕ್ಷೇಪವೇ. ಆದರೆ 2022ರಲ್ಲಿ ಚೀನಾದ ರಾಗಾ ಪ್ರಯೋಗ ಬಂತು. 65 ದಾಟಿದ 950 ಜನ, ಸ್ಪೈನಲ್ ಅಥವಾ ಎಪಿಡ್ಯೂರಲ್ (ಬೆನ್ನಿನ ಸೂಜಿಯ ಇನ್ನೊಂದು ಬಗೆ) ಗುಂಪಿಗೆ ಸೆಡೇಶನ್ ಇಲ್ಲವೇ ಇಲ್ಲ. ಅಲ್ಲಿಯೂ ಡೆಲಿರಿಯಮ್ ಆ ಗುಂಪಿನಲ್ಲಿ 6.2%, ಜಿಎ ಗುಂಪಿನಲ್ಲಿ 5.1%. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮೆದುಳಿಗೆ ಪೆಟ್ಟು ಕೊಡುತ್ತಿರುವುದು ಔಷಧ ಹೋಗುವ ದಾರಿಯಲ್ಲ ಎನ್ನದೆ ವಿಧಿಯಿಲ್ಲ.

ಎಲುಬು ಮುರಿದಾಗಲೇ ಮೈಯಲ್ಲಿ ಉರಿಯೂತ ಶುರುವಾಗಿರುತ್ತದೆ. ಶಸ್ತ್ರಚಿಕಿತ್ಸೆ ಅದನ್ನು ಹೆಚ್ಚಿಸುತ್ತದೆ. ಉರಿಯೂತದ ರಾಸಾಯನಿಕಗಳು ಮೊದಲೇ ಸವೆದ ಮೆದುಳನ್ನು ಬೇಗ ತಟ್ಟುತ್ತವೆ. ಜೊತೆಗೆ ನೋವು, ರಕ್ತಸ್ರಾವ, ನಿದ್ರೆಗೆಟ್ಟ ಎರಡು ರಾತ್ರಿ, ಗುರುತಿಲ್ಲದ ಕೋಣೆ. ಇವೆಲ್ಲ ಎರಡೂ ವಿಧಾನಕ್ಕೆ ಸಮಾನ.

ನಮ್ಮ ಭಾಗದ ಓಟಿಗಳಲ್ಲಿ ಸ್ಪೈನಲ್ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಆಯಿಯನ್ನು ಹೊರಳಿಸಲು ಹೋದಾಗ ನೋವಿಗೆ ಚೀರುತ್ತಾರೆ, ಮಂಪರಿನ ಮದ್ದು ಮಿಡಜೋಲಾಮ್ 1 ಮಿ.ಗ್ರಾಂ. ಹೋಗುತ್ತದೆ. ಸುತ್ತಿಗೆಯ ಸದ್ದಿಗೆ ಬೆಚ್ಚಿ ಕೈ ಎತ್ತುತ್ತಾರೆ, ಇನ್ನೊಂದು ಮಿ.ಗ್ರಾಂ. ಸಿಮೆಂಟ್ ಹಾಕುವ ಹೊತ್ತಿಗೆ ಪ್ರೊಪೊಫಾಲ್ 20, ಮತ್ತೆ 20. ಕಾಗದದ ಮೇಲೆ ಅದು ಸ್ಪೈನಲ್. ಮೆದುಳಿನ ಮಟ್ಟಿಗೆ ಅದು ಗಂಟಲಿನಲ್ಲಿ ಕೊಳವೆ ಇಲ್ಲದ ಜಿಎ. ಸೀಬರ್ ತಂಡ 2010ರಲ್ಲಿ 114 ಜನರಲ್ಲಿ ಇದನ್ನೇ ಅಳೆಯಿತು. ಸ್ಪೈನಲ್ ಜೊತೆ ಆಳವಾದ ಸೆಡೇಶನ್ ಪಡೆದವರಲ್ಲಿ ಡೆಲಿರಿಯಮ್ 40%, ಹಗುರವಾಗಿ ಪಡೆದವರಲ್ಲಿ 19%. ಅದೇ ತಂಡ 2018ರಲ್ಲಿ 200 ಜನರಲ್ಲಿ ಮತ್ತೆ ನೋಡಿದಾಗ ಒಟ್ಟಾರೆ ಅಷ್ಟು ಅಂತರ ಸಿಗಲಿಲ್ಲ. ಬೇರೆ ಕಾಯಿಲೆ ಕಡಿಮೆ ಇದ್ದವರಲ್ಲಿ ಮಾತ್ರ ಹಗುರ ಸೆಡೇಶನ್ನಿನ ಲಾಭ ಕಂಡಿತು. ಹಾಗಿದ್ದರೂ ಹಗುರವಾಗಿ ಕೊಡುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಆದ್ದರಿಂದ ಈ ಆಯಿಗೆ ಸ್ಪೈನಲ್ ಕೊಡುವುದಾದರೆ ಹೀಗೆ ಮಾಡಿ. ಹೊರಳಿಸುವ 25–30 ನಿಮಿಷ ಮೊದಲೇ, ಮಲಗಿದ ಭಂಗಿಯಲ್ಲೇ, ಅಲ್ಟ್ರಾಸೌಂಡ್ ನೋಡಿಕೊಂಡು ಫ್ಯಾಸಿಯಾ ಇಲಿಯಾಕಾ ಬ್ಲಾಕ್ (ತೊಡೆಯ ನರಗಳನ್ನು ಮರಗಟ್ಟಿಸುವ ಸೂಜಿ) ಹಾಕಿ: ಬುಪಿವಕೈನ್ 0.25%, 30 ಮಿ.ಲೀ. ಅಂದರೆ 75 ಮಿ.ಗ್ರಾಂ. ಕೆ.ಜಿ.ಗೆ 2 ಮಿ.ಗ್ರಾಂ. ಲೆಕ್ಕದಲ್ಲಿ 48 ಕೆ.ಜಿ.ಗೆ ಮಿತಿ 96, ಸ್ಪೈನಲ್ಲಿನ 10 ಸೇರಿದರೂ ಒಳಗೇ ಇರುತ್ತದೆ. ಬ್ಲಾಕ್ ಹಾಕಿ ಐದೇ ನಿಮಿಷಕ್ಕೆ ಕೂರಿಸಿದರೆ ನೋವು ಹಾಗೇ ಇರುತ್ತದೆ, ಆಮೇಲೆ "ಬ್ಲಾಕ್ ಹಿಡಿಯಲಿಲ್ಲ" ಎಂದು ಮಿಡಜೋಲಾಮ್‌ಗೆ ಕೈ ಹೋಗುತ್ತದೆ. ಕಾಯಿರಿ. ನಂತರ ಸ್ಪೈನಲ್‌ಗೆ ಹೆವಿ ಬುಪಿವಕೈನ್ 0.5%, 1.8ರಿಂದ 2 ಮಿ.ಲೀ., ಬೇಕಾದರೆ ಫೆಂಟನಿಲ್ 10 ಮೈಕ್ರೊಗ್ರಾಂ ಸೇರಿಸಿ. ಆಂಪೂಲ್ ಒಡೆದಾಗಿದೆ ಎಂದು 3 ಮಿ.ಲೀ. ತುಂಬಬೇಡಿ. ಈ ವಯಸ್ಸಿನಲ್ಲಿ ಮಟ್ಟ ಮೇಲಕ್ಕೇರಿ ಬಿಪಿ ಕುಸಿಯುತ್ತದೆ.

ಸರಾಸರಿ ಬಿಪಿ 65ಕ್ಕಿಂತ ಕೆಳಗೆ ಇಳಿಯಬಾರದು. ಇವರಿಗೆ ಮೊದಲೇ ಬಿಪಿ ಇರುವುದರಿಂದ ವಾರ್ಡಿನ ಅಳತೆಯ 20% ಒಳಗೇ ಹಿಡಿದಿಡಿ. ಬಿಪಿ ಏರಿಸುವ ಫಿನೈಲೆಫ್ರಿನ್ 50 ಮೈಕ್ರೊಗ್ರಾಂ, ಅಥವಾ ಮೆಫೆಂಟರ್ಮೈನ್ 3 ಮಿ.ಗ್ರಾಂ. ಸಿರಿಂಜಿನಲ್ಲಿ ಮೊದಲೇ ತುಂಬಿಟ್ಟುಕೊಂಡಿರಿ. ಬಿಪಿ ಬಿದ್ದ ಮೇಲೆ ಆಂಪೂಲ್ ಹುಡುಕುತ್ತ ಕಳೆಯುವ ಮೂರು ನಿಮಿಷ ಬಹಳ ದುಬಾರಿ.

ಸೆಡೇಶನ್ ಬದಲು ಕಿವಿಗೆ ಹತ್ತಿ, ಮೈಮೇಲೆ ಬೆಚ್ಚನೆಯ ಹೊದಿಕೆ, ತಲೆಯ ಹತ್ತಿರ ಅವರ ಭಾಷೆಯಲ್ಲೇ ಮಾತಾಡುವ ಒಬ್ಬರು. ಕಿವಿಯ ಮಿಷನ್ ಹಾಕುವವರಾದರೆ ಹತ್ತಿ ಬೇಡ, ಮಿಷನ್ ಇರಲಿ. ಇಷ್ಟಾದರೂ ತಡೆಯಲಾಗದಿದ್ದರೆ ಡೆಕ್ಸ್‌ಮೆಡಿಟೊಮಿಡಿನ್. 200 ಮೈಕ್ರೊಗ್ರಾಂ ಅನ್ನು 50 ಮಿ.ಲೀ. ಮಾಡಿದರೆ ಪ್ರತಿ ಮಿ.ಲೀ.ಗೆ 4. ಲೋಡಿಂಗ್ ಡೋಸ್ ಇಲ್ಲದೆ ಗಂಟೆಗೆ ಕೆ.ಜಿ.ಗೆ 0.2 ಎಂದರೆ ಇವರಿಗೆ ಗಂಟೆಗೆ 2.4 ಮಿ.ಲೀ. ನಾಡಿ 50ಕ್ಕಿಂತ ಇಳಿದರೆ ನಿಲ್ಲಿಸಿ. ಇನ್ನೊಂದು ಅರಿವಳಿಕೆ ಮದ್ದು ಕೆಟಮೈನ್ ಡೆಲಿರಿಯಮ್ ತಡೆಯುತ್ತದೆ ಎಂಬ ನಿರೀಕ್ಷೆ 2017ರ ಪಾಡ್‌ಕಾಸ್ಟ್ ಪ್ರಯೋಗದಲ್ಲಿ ಹುಸಿಯಾಯಿತು. ಡೆಲಿರಿಯಮ್ ಕಡಿಮೆಯಾಗಲಿಲ್ಲ, ಭ್ರಮೆ ಮತ್ತು ಕೆಟ್ಟ ಕನಸು ಹೆಚ್ಚಾದವು.

ಆಸ್ಪಿರಿನ್ ಒಂದೇ ಇದ್ದರೆ ಸ್ಪೈನಲ್‌ಗೆ ಅಡ್ಡಿಯಿಲ್ಲ. ರಕ್ತ ಹೆಪ್ಪುಗಟ್ಟದಂತೆ ಇನ್ನೂ ಬಲವಾಗಿ ತಡೆಯುವ ಕ್ಲೊಪಿಡೊಗ್ರೆಲ್ ಇದ್ದಿದ್ದರೆ ವಿಷಯ ಬೇರೆ. ಸ್ಪೈನಲ್ಲೇ ಬೇಕೆಂದು ಐದಾರು ದಿನ ಕಾಯಿಸುವುದಕ್ಕಿಂತ 48 ಗಂಟೆಯೊಳಗೆ ಜಿಎ ಕೊಟ್ಟು ಮುಗಿಸುವುದೇ ಮೆದುಳಿಗೂ ಜೀವಕ್ಕೂ ಒಳ್ಳೆಯದು. ಮುರಿದ ಕಾಲಿನೊಂದಿಗೆ ಮಲಗಿದ ಒಂದೊಂದು ದಿನವೂ ಡೆಲಿರಿಯಮ್‌ಗೆ ದಾರಿ.

ಗುಮ್ಮಟದ ನೆರಳು, ವಿಜಯಪುರ:

ಮೇಲಿನವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಎರಡನೆಯ ಪ್ರಶ್ನೆಗೆ ಬರುತ್ತೇನೆ.

ಗ್ಯಾಸೋ ಪ್ರೊಪೊಫಾಲೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2018ರ ಕೊಕ್ರೇನ್ ಪರಿಶೀಲನೆ ಪ್ರಕಾರ ಪ್ರೊಪೊಫಾಲ್‌ನಿಂದ ನಂತರದ ಮಂಕುತನ ಸ್ವಲ್ಪ ಕಡಿಮೆ ಇರಬಹುದು, ಆದರೆ ಪುರಾವೆ ದುರ್ಬಲ. ಡೆಲಿರಿಯಮ್ ಬಗ್ಗೆ ಅದೂ ಹೇಳಲಾಗಲಿಲ್ಲ. ಹಾಗಾಗಿ ನಿಮ್ಮಲ್ಲಿ ಯಾವುದನ್ನು ಸರಿಯಾಗಿ ಅಳೆದು ಕೊಡಲು ಸಾಧ್ಯವೋ ಅದನ್ನೇ ಆರಿಸಿ. ಗ್ಯಾಸ್ ಮಾನಿಟರ್ ಇದೆ, ಬಿಐಎಸ್ ಇಲ್ಲ, ಟಿಸಿಐ ಇಲ್ಲ ಎಂದಮೇಲೆ ನನ್ನ ಮತ ಸೀವೊಫ್ಲುರೇನ್‌ಗೆ. ಹೊರಬರುವ ಉಸಿರಿನಲ್ಲಿ ಎಷ್ಟಿದೆ ಎಂದು ಪರದೆಯ ಮೇಲೆ ಕಾಣುತ್ತದೆ. ಪ್ರೊಪೊಫಾಲ್ ರಕ್ತದಲ್ಲಿ ಎಷ್ಟಿದೆ ಎಂದು ತೋರಿಸುವ ಪರದೆ ನಿಮ್ಮ ಓಟಿಯಲ್ಲಿಲ್ಲ.

ಪರದೆಯ ಅಂಕಿಯನ್ನು ಹಾಗೇ ನಂಬುವುದೇ ಇಲ್ಲಿ ಆಗುವ ಸಾಮಾನ್ಯ ತಪ್ಪು. ನಲವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಮ್ಯಾಕ್ (ಶಸ್ತ್ರಚಿಕಿತ್ಸೆಗೆ ಮೈ ಅಲುಗದಿರಲು ಬೇಕಾದ ಗ್ಯಾಸಿನ ಅಳತೆ) ಸುಮಾರು 6% ಇಳಿಯುತ್ತದೆ. ಸೀವೊಫ್ಲುರೇನ್ 40ರಲ್ಲಿ ಸುಮಾರು 1.8% ಇದ್ದರೆ 80ರ ಹೊತ್ತಿಗೆ ಸುಮಾರು 1.4%. ಮಾನಿಟರ್‌ಗೆ ರೋಗಿಯ ವಯಸ್ಸು ತುಂಬಿಸದಿದ್ದರೆ ಅನೇಕ ಮಿಷನ್‌ಗಳು 40 ಎಂದೇ ಎಣಿಸುತ್ತವೆ. ಪರದೆ 1.0 ಮ್ಯಾಕ್ ಎಂದಾಗ ಎಂಬತ್ತರವರ ಮೆದುಳಿಗೆ ಸಿಗುತ್ತಿರುವುದು ಹತ್ತಿರ ಹತ್ತಿರ 1.3. ಒಂದೂವರೆ ಗಂಟೆ ಹೀಗೇ ನಡೆದರೆ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಗೆರೆ) ಚಪ್ಪಟೆಯಾಗಿ ಆಗಾಗ ಪುಟಿಯುವ ಸ್ಥಿತಿ, ಬರ್ಸ್ಟ್ ಸಪ್ರೆಶನ್, ಬಂದೇ ಬರಬಹುದು. ಬಿಪಿಯೂ ಇಳಿಯುತ್ತದೆ, ಅದಕ್ಕೆ ಫಿನೈಲೆಫ್ರಿನ್ ಹಾಕುತ್ತ ಕೂರುತ್ತೇವೆ. ಬೇಕಾಗಿದ್ದದ್ದು ವೇಪರೈಸರ್ ಡಯಲ್ ಕಡಿಮೆ ಮಾಡುವುದು. ಆದ್ದರಿಂದ ಮೊದಲು 76 ಎಂದು ವಯಸ್ಸು ತುಂಬಿಸಿ. ಬ್ಲಾಕ್ ಹಾಕಿದ್ದರೆ ವಯಸ್ಸಿಗೆ ಸರಿಪಡಿಸಿದ 0.7ರಿಂದ 0.8 ಮ್ಯಾಕ್ ಸಾಕು. 0.7ಕ್ಕಿಂತ ಕೆಳಗೆ ಅಲಾರಂ ಇಡಿ, ಎಚ್ಚರವಾಗುವ ಭಯ ಬಹಳ ಕಡಿಮೆ.

ಇಇಜಿ ನೋಡಿ ಆಳ ಹಿಡಿದರೆ ಡೆಲಿರಿಯಮ್ ಕಡಿಮೆಯಾಗುತ್ತದೆಯೇ ಎಂಬುದರಲ್ಲೂ ಉತ್ತರಗಳು ಹೊಂದುವುದಿಲ್ಲ. 2019ರ ಎಂಗೇಜಸ್ ಪ್ರಯೋಗದಲ್ಲಿ 1,232 ಜನ: ಇಇಜಿ ನೋಡಿ ಕೊಟ್ಟ ಗುಂಪಿನಲ್ಲಿ 26%, ನೋಡದ ಗುಂಪಿನಲ್ಲಿ 23%. ಬ್ಯಾಲೆನ್ಸ್ಡ್ ಪ್ರಯೋಗದ 515 ಜನರ ಉಪ-ಅಧ್ಯಯನ 2021ರಲ್ಲಿ ಬಂತು: ಬಿಐಎಸ್ 50ರ ಗುರಿ ಇಟ್ಟಾಗ 19%, ಇನ್ನೂ ಆಳವಾದ 35 ಇಟ್ಟಾಗ 28%. ಅತಿ ಆಳಕ್ಕೆ ಇಳಿಸುವುದರಿಂದ ಲಾಭವಿದೆ ಎಂದು ಮಾತ್ರ ಎರಡರಲ್ಲಿ ಯಾವುದೂ ಹೇಳುವುದಿಲ್ಲ.

ಪ್ರೊಪೊಫಾಲ್ಲೇ ಕೊಡಬೇಕಾದ ಸಂದರ್ಭ ಬಂದರೆ ಲೆಕ್ಕ ಇಟ್ಟುಕೊಳ್ಳಿ. ಆರಂಭಕ್ಕೆ ಕೆ.ಜಿ.ಗೆ 1 ಮಿ.ಗ್ರಾಂ., ಸುಮಾರು 5 ಮಿ.ಲೀ., ನಿಧಾನವಾಗಿ. ವಯಸ್ಸಾದವರಲ್ಲಿ ರಕ್ತ ಕೈಯಿಂದ ಮೆದುಳಿಗೆ ತಲುಪಲು ಹೊತ್ತು ಬೇಕು. 30 ಸೆಕೆಂಡಿಗೆ ಕಣ್ಣು ಮುಚ್ಚಲಿಲ್ಲ ಎಂದು ಇನ್ನೂ 3 ಮಿ.ಲೀ. ತಳ್ಳಿದರೆ, ಒಂದು ನಿಮಿಷದ ಮೇಲೆ ಎರಡೂ ಒಟ್ಟಿಗೆ ಬಂದು ಬಿಪಿ ನೆಲ ಕಚ್ಚುತ್ತದೆ. ಒಂದೂವರೆ ನಿಮಿಷ ಗಡಿಯಾರ ನೋಡಿ. ಆಮೇಲೆ ನಿಮಿಷಕ್ಕೆ ಕೆ.ಜಿ.ಗೆ 50–75 ಮೈಕ್ರೊಗ್ರಾಂ, ಅಂದರೆ 1% ದ್ರಾವಣ ಗಂಟೆಗೆ 14ರಿಂದ 22 ಮಿ.ಲೀ. ಸೂಜಿ ಹಾಕಿದ ಕೈ ಹಸಿರು ಬಟ್ಟೆಯ ಕೆಳಗೆ ಮುಚ್ಚಿಹೋಗದಿರಲಿ. ಸಲೈನ್ ಲೈನಿಗೇ ಮೂರು ದಾರಿಯ ಕೀಲು ಹಾಕಿ ಪಂಪ್ ಜೋಡಿಸುವವರು, ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಹಾಕಲೇಬೇಕು. ಇಲ್ಲದಿದ್ದರೆ ಕ್ಯಾನುಲಾ ಕಟ್ಟಿಕೊಂಡಾಗ ಔಷಧ ಸಲೈನ್ ನಳಿಕೆಯಲ್ಲಿ ಮೇಲಕ್ಕೇರಿ ನಿಲ್ಲುತ್ತದೆ. ಪಂಪ್ ಓಡುತ್ತಿದೆ ಎಂದು ಕಾಣುತ್ತದೆ, ರೋಗಿಗೆ ಏನೂ ಹೋಗುತ್ತಿರುವುದಿಲ್ಲ. ಅಡ್ಡಿ ಸರಿದ ಕ್ಷಣ ಎಲ್ಲ ಒಮ್ಮೆಲೇ ಇಳಿಯುತ್ತದೆ.

ಎಚ್ಚರಗೊಳಿಸುವಾಗ ಸ್ನಾಯುಗಳ ಸಡಿಲಿಕೆ ಬಿಡಿಸುವ ನಿಯೊಸ್ಟಿಗ್ಮಿನ್ ಜೊತೆ ಅಟ್ರೋಪಿನ್ ಬೇಡ, ಗ್ಲೈಕೊಪೈರೊಲೇಟ್. ಅಟ್ರೋಪಿನ್ ಮೆದುಳಿಗೆ ದಾಟುತ್ತದೆ, ಗ್ಲೈಕೊಪೈರೊಲೇಟ್ ದಾಟುವುದಿಲ್ಲ. ನಾಡಿ ಕುಸಿದು ತುರ್ತು ಬಂದರೆ ಮಾತ್ರ ಅಟ್ರೋಪಿನ್ ಕೊಡಲು ಹಿಂಜರಿಯಬೇಡಿ, ಅಲ್ಲಿ ಜೀವ ಮೊದಲು.

ಆಲಮಟ್ಟಿ ಸಿಸ್ಟರ್, ಬಾಗಲಕೋಟೆ:

ಡಾಕ್ಟರ್ರೆಲ್ಲ ಓಟಿ ಮಟ್ಟಕ್ಕ ಬರದಾರ, ವಾರ್ಡಿಂದು ನಾ ಹೇಳ್ತೀನ್ರಿ. ಹೆಚ್ಚಿನ ಕೇಸು ಕೆಡೋದು ಎರಡನೇ ರಾತ್ರಿ, ಓಟಿಯವರು ಯಾರೂ ಇಲ್ಲದ ಹೊತ್ತಿನ್ಯಾಗ.

ಕೂಗಾಡೋ ಪೇಷಂಟ್ ಎಲ್ಲಾರಿಗೂ ಕಾಣ್ತಾರ್ರಿ. ಕ್ಯಾಥೆಟರ್ ಜಗ್ತಾರ, ಮಂಚ ಇಳೀತಾರ, ಸತ್ತುಹೋದವರ ಹೆಸರು ಹಿಡದು ಕರೀತಾರ. ಸುಮ್ಮನಿರೋ ಡೆಲಿರಿಯಮ್ ಯಾರಿಗೂ ಕಾಣಂಗಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿರ್ತಾರ. ಚಾ ಕೊಟ್ರ ಕಪ್ಪು ಕೈಯಾಗ ಹಿಡಕೊಂಡು ಹಂಗ ಕೂಡ್ತಾರ, ಬಾಯಿಗೆ ಒಯ್ಯಂಗಿಲ್ಲ. ಮನಿಯವರು "ಆಯಿ ಆರಾಮ ಮಲಗ್ಯಾಳ, ಎಬ್ಬಿಸಬ್ಯಾಡ್ರಿ" ಅಂತಾರ. ಎಬ್ಬಿಸ್ರಿ. ಹೆಸರು ಹಿಡದು ಕರೀರಿ, ಕಣ್ಣು ತೆರೆದು ಹತ್ತು ಸೆಕೆಂಡ್ ನಿಮ್ಮನ್ನ ನೋಡ್ತಾರೇನು ನೋಡ್ರಿ.

ದಿನಕ್ಕ ಎರಡು ಸಲ, ಮುಂಜಾನೆ ಮತ್ತು ರಾತ್ರಿ, 4ಎಟಿ ಅನ್ನೋ ಡೆಲಿರಿಯಮ್ ಪರೀಕ್ಷೆ ಮಾಡ್ರಿ. ಎರಡು ನಿಮಿಷದ ಕೆಲಸ. ಎಚ್ಚರ ಹೆಂಗೈತಿ, ವಯಸ್ಸು, ಹುಟ್ಟಿದ ತಾರೀಖು, ಈಗ ಇರೋ ಜಾಗ, ಈಗಿನ ಇಸವಿ, ತಿಂಗಳ ಹೆಸರು ಕಡೇದರಿಂದ ಹಿಂದಕ್ಕ ಹೇಳೋದು, ನಿನ್ನಿಗಿಂತ ಒಮ್ಮೆಲೇ ಬದಲಾಗ್ಯಾರೇನು. 4 ಅಥವಾ ಹೆಚ್ಚು ಬಂದ್ರ ಡೆಲಿರಿಯಮ್ ಅಂತ ಡಾಕ್ಟರಿಗೆ ತಿಳಸ್ರಿ. ಆದ್ರ ನಮ್ಮ ಕಡೆ ಆಯಿ-ಮುತ್ತ್ಯಾಗ ಹುಟ್ಟಿದ ತಾರೀಖು ಮೊದಲೇ ಗೊತ್ತಿರಂಗಿಲ್ಲ, "ಬರಗಾಲದಾಗ ಹುಟ್ಟೀನಿ" ಅಂತಾರ. ಡಿಸೆಂಬರ್, ನವೆಂಬರ್ ಅಂತ ಕೇಳಿದ್ರೂ ಬರಂಗಿಲ್ಲ. ಫಾಲ್ಗುಣ, ಮಾಘ, ಪುಷ್ಯ ಅಂತ ಹಿಂದಕ್ಕ ಹೇಳಾಕ ಹಚ್ರಿ. ಅದೂ ಬರದಿದ್ರ ವಾರದ ಹೆಸರು, ಸಂತಿ ದಿನದಿಂದ ಹಿಂದಕ್ಕ. ಹಿಂಗ ಬದಲಿಸಿದ್ರ ಅಂಕ ಪಕ್ಕಾ ಅನ್ನಾಕ ಬರಂಗಿಲ್ಲ. ಅದಕ್ಕ ಆಪರೇಷನ್ ಮೊದಲೇ ಒಮ್ಮೆ ಇದನ್ನ ಕೇಳಿ, ಏನು ಹೇಳಿದ್ರು ಅಂತ ಕೇಸ್ ಶೀಟಿನ್ಯಾಗ ಬರದಿಡ್ರಿ. ಆಗ ಬಂದಿದ್ದು ಈಗ ಬರವಲ್ದು ಅಂದ್ರ ಅದು ಹೊಸದು.

ಔಷಧದ ಮಾತು. ರಾತ್ರಿ ನೋವು ಅಂದ ಕೂಡ್ಲೆ ಪೆಂಟಜೊಸಿನ್ ಜೋಡಿ ಪ್ರೊಮೆಥಜಿನ್ ಕೊಡೋ ರೂಢಿ ಇನ್ನೂ ಬಿಟ್ಟಿಲ್ಲ. ಮುದುಕರಿಗೆ ಇದರಷ್ಟು ಕೆಟ್ಟ ಜೋಡಿ ಇಲ್ಲರಿ. ಒಂದು ಭ್ರಮೆ ತರ್ತೈತಿ, ಇನ್ನೊಂದು ಬಾಯಿ ಒಣಗಿಸಿ, ಮೂತ್ರ ಕಟ್ಟಿಸಿ, ತಲಿ ಮಂಕು ಮಾಡ್ತೈತಿ. ಪೆಥಿಡಿನ್ನೂ ಬ್ಯಾಡ. ರಕ್ತ ಏರಿಸೋ ಮೊದಲು ಎಲ್ಲಾರಿಗೂ ಅವಿಲ್ (ಅಲರ್ಜಿ ಮದ್ದು) ಚುಚ್ಚೋದೂ ಇದೇ ಸಾಲಿಂದು, ಅಲರ್ಜಿ ಆದ್ರ ಮಾತ್ರ ಕೊಡ್ರಿ. ಪ್ಯಾರಾಸಿಟಮಾಲ್ ಆರು ತಾಸಿಗೊಮ್ಮೆ, ಕೇಳಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಕೊಡ್ರಿ. 50 ಕೆ.ಜಿ. ಒಳಗಿನವರಿಗೆ ಕೆ.ಜಿ.ಗೆ 15 ಮಿ.ಗ್ರಾಂ., ಈ ಆಯಿಗೆ 720. ಪೂರ್ತಿ 1 ಗ್ರಾಂ ಬಾಟ್ಲಿ ಹರಿಬಿಡಬ್ಯಾಡ್ರಿ.

ಕನ್ನಡಕ, ಹಲ್ಲಿನ ಸೆಟ್ಟು, ಕಿವಿ ಮಿಷನ್ನು ಮನಿಯವರ ಚೀಲದಾಗ ಉಳೀತಾವ. ರಿಕವರಿಯೊಳಗನ ಹಾಕ್ರಿ. ಮುಂಜಾನೆ ಕಿಟಕಿ ತಗೀರಿ, ರಾತ್ರಿ ತಲಿ ಮ್ಯಾಲಿನ ಟ್ಯೂಬ್‌ಲೈಟ್ ಆರಸ್ರಿ. ಕ್ಯಾಥೆಟರ್ ಮರುದಿನ ತಗೀರಿ. ನಾಕ ದಿನ ಕಡಿಗೆ ಹೋಗಿಲ್ಲ ಅಂದ್ರ ಅದಕ್ಕೂ ತಲಿ ಕೆಡ್ತೈತಿ. ಕೈ ಕಟ್ಟಬ್ಯಾಡ್ರಿ, ಕಟ್ಟಿದ್ರ ಇನ್ನೂ ಹೆಚ್ಚಾಗ್ತೈತಿ. ಗುರುತಿದ್ದವರು ಒಬ್ಬರು ಬಾಜೂಕ ಕೂತ್ರ ಸಾಕು, ಹತ್ತು ಮಂದಿ ಬ್ಯಾಡ.

ಘಟಪ್ರಭಾ ದಂಡೆ:

ಸಿಸ್ಟರ್, ಇಬ್ಬರೂ ಡಾಕ್ಟರೇ, ತುಂಬಾ ಉಪಕಾರವಾಯಿತು. ಇನ್ನೆರಡು ಮಾತು. ಆಯಿ ಚಿಕ್ಕಂದಿನಿಂದ ತಂಬಾಕು-ಸುಣ್ಣ ಹಾಕುತ್ತಾರಂತೆ, ನಿದ್ದೆಗೆ ದಿನಾ ಅಲ್ಪ್ರಜೋಲಾಮ್ 0.25 ನುಂಗುತ್ತಾರಂತೆ. ಇದು ಇವತ್ತು ತಿಳಿಯಿತು. ಬೆಂಜೊಡಯಾಜೆಪಿನ್ (ಮಿಡಜೋಲಾಮ್ ಗುಂಪಿನ ಮದ್ದು) ಬೇಡ ಎಂದರೆ ಇದನ್ನೂ ನಿಲ್ಲಿಸಬೇಕೇ? ಮನೆಯವರಿಗೆ ಎಷ್ಟು ದಿನದಲ್ಲಿ ಸರಿಹೋಗುತ್ತದೆ ಎಂದು ಹೇಳಲಿ?

ಮಾರ್ಕಂಡೇಯ ತೀರ, ಬೆಳಗಾವಿ:

ನಿಲ್ಲಿಸಬೇಡಿ. ವರ್ಷಗಟ್ಟಲೆ ನುಂಗಿದ್ದನ್ನು ಒಮ್ಮೆಲೇ ಬಿಡಿಸಿದರೆ ಅದರ ಹಿಂತೆಗೆತವೇ ಡೆಲಿರಿಯಮ್ ತರುತ್ತದೆ. ಅದೇ ಪ್ರಮಾಣ, ಅದೇ ಹೊತ್ತಿಗೆ ಮುಂದುವರಿಸಿ. ಹೊಸದಾಗಿ ಸೇರಿಸಬೇಡಿ ಎಂಬುದಷ್ಟೇ ನಿಯಮ. ಗಂಡಸು ರೋಗಿಗಳಲ್ಲಿ ಕುಡಿತದ ವಿಷಯ ಬಿಡಿಸಿ ಕೇಳಿ. ಕೊನೆಯ ಸಲ ಕುಡಿದ ಎರಡು-ಮೂರನೇ ದಿನಕ್ಕೆ ನಡುಕ, ಬೆವರು, ಭ್ರಮೆ ಬಂದರೆ ಅದಕ್ಕೆ ಬೆಂಜೊಡಯಾಜೆಪಿನ್ನೇ ಮದ್ದು. ಗ್ಲೂಕೋಸ್‌ಗಿಂತ ಮೊದಲು ಥಯಮಿನ್ ಕೊಡಿ. ತಂಬಾಕು ನಿಂತಾಗಲೂ ಚಡಪಡಿಕೆ ಬರುತ್ತದೆ. ನಿಪ್ಪಾಣಿ, ಚಿಕ್ಕೋಡಿ ಕಡೆಯ ಆಯಿಯರಲ್ಲೂ ಇದು ಸಾಮಾನ್ಯ, ಹೆಂಗಸರನ್ನು ಯಾರೂ ಕೇಳುವುದಿಲ್ಲ. ಆ ಚಡಪಡಿಕೆಯನ್ನು ನೋವೆಂದೋ ಹುಚ್ಚೆಂದೋ ತಿಳಿದು ಮಂಪರಿನ ಮದ್ದು ಹಾಕಬಾರದು.

ಸೋಡಿಯಂ 131 ಎಂದಿದ್ದೀರಿ. ಅದನ್ನು ಸರಿಪಡಿಸಲೆಂದು ಶಸ್ತ್ರಚಿಕಿತ್ಸೆ ಮುಂದೂಡಬೇಡಿ, ಆದರೆ 5% ಡೆಕ್ಸ್‌ಟ್ರೋಸ್ ಹಾಕಿ ಇನ್ನೂ ಇಳಿಸಬೇಡಿ. ಮರುದಿನ ಮತ್ತೆ ಪರೀಕ್ಷಿಸಿ. ಮಾತು ಗೊಂದಲವಾದರೆ ಅರಿವಳಿಕೆಯನ್ನು ದೂರುವ ಮೊದಲು ಸೋಡಿಯಂ, ಸಕ್ಕರೆ, ಆಮ್ಲಜನಕ, ಮೂತ್ರ ಕಟ್ಟಿದೆಯೇ ಎಂಬುದು, ಜ್ವರ, ಈ ಐದನ್ನು ನೋಡಿ. ಮುಂಜಾನೆ ಕೇಸ್ ಇದ್ದರೆ ರಾತ್ರಿಯಿಂದ ನೀರೂ ಇಲ್ಲದೆ ಮಲಗಿಸುವ ಪದ್ಧತಿಯನ್ನೂ ಬಿಡಿಸಿ. ಬರೀ ನೀರು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಹಾಲಿನ ಚಹಾ ಆರು ಗಂಟೆಯ ಲೆಕ್ಕಕ್ಕೆ ಸೇರುತ್ತದೆ.

ಮನೆಯವರಿಗೆ ಸುಳ್ಳು ಧೈರ್ಯ ಬೇಡ. 2018ರಿಂದ ಈ ತೊಂದರೆಗಳನ್ನು ಕಾಲದ ಪ್ರಕಾರ ಬೇರ್ಪಡಿಸಿ ಹೆಸರಿಸುತ್ತಾರೆ. ಮೊದಲ ಕೆಲವು ದಿನ ಏರಿಳಿಯುವುದು ಡೆಲಿರಿಯಮ್. 30 ದಿನದವರೆಗಿನ ಮಂಕುತನ ತಡವಾದ ಚೇತರಿಕೆ. ಅದರಾಚೆ ಒಂದು ವರ್ಷದೊಳಗೆ ಉಳಿದರೆ ಶಸ್ತ್ರಚಿಕಿತ್ಸೆಯ ನಂತರದ ಅರಿವಿನ ತೊಂದರೆ. 1998ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, 60 ದಾಟಿ ದೊಡ್ಡ ಶಸ್ತ್ರಚಿಕಿತ್ಸೆ ಆದವರಲ್ಲಿ, ಒಂದು ವಾರಕ್ಕೆ 25.8% ಜನರಲ್ಲಿ ಮಂಕುತನ ಕಂಡಿತ್ತು, ಮೂರು ತಿಂಗಳಿಗೆ 9.9% ಜನರಲ್ಲಿ. ಈ ಆಯಿಗೆ ಮರೆವು ಮೊದಲೇ ಇರುವುದರಿಂದ ಅಪಾಯ ಸರಾಸರಿಗಿಂತ ಹೆಚ್ಚು. ಅದನ್ನು ಸಹಿ ತೆಗೆದುಕೊಳ್ಳುವ ಮೊದಲೇ, ಕೂರಿಸಿಕೊಂಡು ಹೇಳಿ. "ಬೆನ್ನಿಗೆ ಸೂಜಿ ಕೊಟ್ಟರೂ ಕೆಲವು ದಿನ ತಲೆ ಮಂಕಾಗಬಹುದು, ಬಹಳ ಜನರಿಗೆ ಸರಿಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ಆಯಿಯ ಮರೆವು ಬಿದ್ದು ಮುರಿದುಕೊಳ್ಳುವ ಮೊದಲೇ ಶುರುವಾಗಿದೆ" ಎಂದು. ಆಮೇಲೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಗುಮ್ಮಟದ ನೆರಳು, ವಿಜಯಪುರ:

ಒಂದೇ ಸೇರ್ಪಡೆ. ಕೂಗಾಟ ಎಂದು ಶಾಂತಗೊಳಿಸುವ ಮದ್ದು ಹ್ಯಾಲೊಪೆರಿಡಾಲ್ 5 ಮಿ.ಗ್ರಾಂ. ಚುಚ್ಚಬೇಡಿ. ಅವರಿಗೋ ಪಕ್ಕದವರಿಗೋ ಪೆಟ್ಟಾಗುವ ಹಂತ ಬಂದರೆ ಮಾತ್ರ 0.25ರಿಂದ 0.5 ಮಿ.ಗ್ರಾಂ., ಇಸಿಜಿಯಲ್ಲಿ ಕ್ಯೂಟಿ (ಹೃದಯ ಬಡಿತದ ಒಂದು ಅಂತರ) ಉದ್ದವಾಗಿಲ್ಲವೆಂದು ನೋಡಿಕೊಂಡು. ಪಾರ್ಕಿನ್ಸನ್ ಇದ್ದರೆ ಅದೂ ಬೇಡ.

ಆಲಮಟ್ಟಿ ಸಿಸ್ಟರ್, ಬಾಗಲಕೋಟೆ:

ಡಾಕ್ಟರೇ, ಡಿಸ್ಚಾರ್ಜ್ ಚೀಟಿ ಬೆನ್ನಿಗೆ ಆಪರೇಷನ್ ಮೊದಲು ಕೇಳಿದ ಪ್ರಶ್ನೆ, ಉತ್ತರ ಬರದು ಕೊಡ್ರಿ. ಹದಿನಾಲ್ಕನೇ ದಿನ ಹೊಲಿಗಿ ಬಿಚ್ಚಾಕ ಬಂದಾಗ ಅದೇ ಪ್ರಶ್ನೆ ಕೇಳಿ ಬಾಜೂಕ ಬರೀರಿ, ಮೂರು ತಿಂಗಳಿಗೆ ಎಕ್ಸ್‌ರೇಕ್ಕ ಬಂದಾಗ ಇನ್ನೊಮ್ಮೆ. ಆಗಲೂ ಮೊದಲಿನಷ್ಟು ಬರದಿದ್ರ ಮೆದುಳಿನ ಡಾಕ್ಟರ ಕಡೆ ಅದೇ ಚೀಟಿ ಕೊಟ್ಟು ಕಳಸ್ರಿ.